ಶಿಬಿರಕ್ಕೆ ಬಾರದ ಹಿರಿಯರು

ಹಿರಿಯರಿಗಾಗಿ ಆರೋಗ್ಯ ಶಿಬಿರ ಏರ್ಪಡಿಸಿದರೆ ಸಭಾಂಗಣ ತುಂಬುತ್ತದೆ. ರಕ್ತದೊತ್ತಡ ನೋಡಿಸಿಕೊಳ್ಳುವವರದೊಂದು ಸಾಲು, ಸಕ್ಕರೆ ಪರೀಕ್ಷೆಗೆ ಇನ್ನೊಂದು. ಆ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿ ನಿಂತವರು ಮನೆಯ ಮೆಟ್ಟಿಲು ಇಳಿದಿದ್ದಾರೆ, ರಸ್ತೆ ದಾಟಿದ್ದಾರೆ, ವಾಹನ ಹತ್ತಿ ಇಳಿದಿದ್ದಾರೆ. ಶಿಬಿರದ ದಿನ ಯಾವುದೆಂದು ಅವರಿಗೆ ನೆನಪಿತ್ತು. ಫಲಕ ಓದಲು ಬಂತು, ಕೂಗಿದ ಹೆಸರು ಕೇಳಿಸಿತು, ಅರ್ಧ ಗಂಟೆ ನಿಲ್ಲಲು ಕಾಲಿನಲ್ಲಿ ಶಕ್ತಿ ಇತ್ತು. ಅಂದರೆ ಯಾವ ಸಾಮರ್ಥ್ಯಗಳನ್ನು ನಾವು ಪರೀಕ್ಷಿಸಬೇಕಿತ್ತೋ ಅವೆಲ್ಲವನ್ನೂ ಅವರು ಬಾಗಿಲಿಗೆ ಬರುವಷ್ಟರಲ್ಲೇ ತೋರಿಸಿಯಾಗಿದೆ. ಸೇವೆ ಯಾರಿಗೆ ಹೆಚ್ಚು ಬೇಕೋ ಅವರು ಆ ಹೊತ್ತಿನಲ್ಲಿ ಮನೆಯ ಒಳಕೋಣೆಯಲ್ಲಿ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿರುತ್ತಾರೆ.

ಶಿಬಿರ ಮಾಡಬೇಡಿ ಎನ್ನುತ್ತಿಲ್ಲ. ಶಿಬಿರಕ್ಕೆ ಬಂದವರ ಲೆಕ್ಕವನ್ನೇ ಸಮುದಾಯದ ಅಗತ್ಯದ ಲೆಕ್ಕ ಎಂದುಕೊಂಡರೆ ಮುಂದೆ ಕಟ್ಟುವ ಸೇವೆಯೆಲ್ಲ ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಅಷ್ಟೆ. ಈ ಉಪನ್ಯಾಸದ ಉದ್ದಕ್ಕೂ ನಾವು ಹೇಳಬೇಕಾದದ್ದು ಆ ಬಾರದವರ ಬಗ್ಗೆಯೇ.

ಮೊದಲು ಮಾತಿನ ಅರ್ಥ ಸ್ಪಷ್ಟವಾಗಲಿ. ಆರೋಗ್ಯ ಸಂವರ್ಧನೆ ಎಂದರೆ ಕಾಯಿಲೆಗೆ ಮದ್ದು ಕೊಡುವುದಲ್ಲ, ಭಾಷಣ ಮಾಡುವುದೂ ಅಲ್ಲ. ಜನ ತಮ್ಮ ಆರೋಗ್ಯದ ಮೇಲೆ ತಾವೇ ಹಿಡಿತ ಸಾಧಿಸಿ ಅದನ್ನು ಉತ್ತಮಪಡಿಸಿಕೊಳ್ಳುವಂತೆ ಮಾಡುವುದು ಎಂದು 1986ರ ಒಟ್ಟಾವಾ ಸನ್ನದು ಹೇಳಿತು. ವೃದ್ಧಾಪ್ಯದ ಮಟ್ಟಿಗೆ ಇದಕ್ಕೆ ಇನ್ನೂ ಖಚಿತವಾದ ರೂಪ ಸಿಕ್ಕಿದ್ದು 2015ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದರಲ್ಲಿ. ಕಾಯಿಲೆಗಳ ಪಟ್ಟಿ ಬದಿಗಿರಲಿ, ಈ ವ್ಯಕ್ತಿ ತನಗೆ ಮುಖ್ಯವೆನಿಸಿದ್ದನ್ನು ಮಾಡಬಲ್ಲನೇ ಎಂದು ಕೇಳಿ ಎಂದಿತು ಆ ವರದಿ. ದೇಹ ಮನಸ್ಸುಗಳ ಒಳಗಿನ ಸಾಮರ್ಥ್ಯ ಒಂದು ಕಡೆ, ಸುತ್ತಲಿನ ಮನೆ, ಬೀದಿ, ಜನ ಇನ್ನೊಂದು ಕಡೆ. ಎರಡೂ ಸೇರಿದಾಗ ಬದುಕು ನಡೆಯುತ್ತದೆ. ಮಂಡಿನೋವು ಇದ್ದವರಿಗೂ ಮನೆಯೆದುರಿನ ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಇದ್ದರೆ ಹೊರಗೆ ಓಡಾಡಲು ಆಗುತ್ತದೆ. ಕಂಬಿ ಇಲ್ಲದಿದ್ದರೆ ಅದೇ ಮಂಡಿನೋವು ಅವರನ್ನು ಮನೆಯೊಳಗೇ ಕೂಡಿಹಾಕುತ್ತದೆ. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ವೃದ್ಧಾಪ್ಯದ ದಶಕ ಎಂದು ಘೋಷಿಸಿರುವುದರ ಹಿಂದೆಯೂ ಈ ಆಲೋಚನೆಯೇ ಇದೆ. ಆ ದಶಕ ಮುಗಿಯುವ ಹೊತ್ತಿಗೆ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು 60 ದಾಟಿರುತ್ತಾರೆ.

ಇನ್ನು 'ಅಗತ್ಯ' ಎಂಬ ಪದ. ಇದನ್ನು ಬಿಡಿಸಿ ನೋಡಲು ಬಹಳ ಕೆಲಸಕ್ಕೆ ಬರುವ ಒಂದು ವಿಂಗಡಣೆ ಇದೆ. ಸಮಾಜನೀತಿಯ ವಿದ್ವಾಂಸ ಜೊನಾಥನ್ ಬ್ರಾಡ್‌ಶಾ 1972ರಲ್ಲಿ ಅಗತ್ಯಗಳನ್ನು ನಾಲ್ಕಾಗಿ ವಿಂಗಡಿಸಿದರು: ತಜ್ಞರು ನಿರ್ಧರಿಸಿದ್ದು, ಜನರಿಗೆ ಅನ್ನಿಸಿದ್ದು, ಅನ್ನಿಸಿದ್ದನ್ನು ಬಾಯಿಬಿಟ್ಟು ಕೇಳಿದ್ದು, ಮತ್ತು ತಮ್ಮಂಥವರಿಗೇ ಬೇರೆಡೆ ಸಿಗುತ್ತಿದ್ದರೂ ಇಲ್ಲಿ ಸಿಗದೇ ಇದ್ದದ್ದು. ಹಿರಿಯರ ವಿಷಯದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಕಂದಕ ಬಹಳ ಆಳವಾದದ್ದು.

ಮೂತ್ರ ಸೋರುವ ತೊಂದರೆಯನ್ನೇ ತೆಗೆದುಕೊಳ್ಳಿ. ಅದು ಅನೇಕರಿಗೆ ಕಾಟ ಕೊಡುತ್ತದೆ, ಯಾರೂ ಹೇಳುವುದಿಲ್ಲ. ಸಭೆಯಲ್ಲಿ 'ನಿಮಗೇನು ಬೇಕು?' ಎಂದು ಕೇಳಿದರೆ ಕೈ ಎತ್ತಿ ಇದನ್ನು ಹೇಳುವವರು ಸಿಗುವುದಿಲ್ಲ. ಅವರು ಸದ್ದಿಲ್ಲದೆ ಸಭೆಗೆ ಬರುವುದನ್ನೇ ಬಿಡುತ್ತಾರೆ, ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮೊದಲೇ ಮಂದವಾಗಿರುತ್ತದೆ. ಅದರ ಮೇಲೆ ಬೇಕೆಂದೇ ನೀರು ಬಿಟ್ಟರೆ ಮಲಬದ್ಧತೆ, ತಲೆಸುತ್ತು, ಗೊಂದಲ ಒಂದರ ಹಿಂದೊಂದು ಬರುತ್ತವೆ. 'ಅವರಿಗೆ ಆಸಕ್ತಿ ಇಲ್ಲ' ಎಂದು ನಾವು ಬರೆದುಕೊಂಡ ಹಾಜರಿ ಪುಸ್ತಕದ ಹಿಂದೆ ಅನೇಕ ಸಲ ಇರುವ ಕಾರಣ ಇದೇ. ವಿಚಿತ್ರವೆಂದರೆ ಇದು ಸರಿಹೋಗಬಲ್ಲ ತೊಂದರೆ. ಕೆಮ್ಮಿದಾಗ, ಸೀನಿದಾಗ ಸೋರುವ ಮಹಿಳೆಯರಿಗೆ ಶ್ರೋಣಿಯ ತಳದ ಸ್ನಾಯುಗಳನ್ನು, ಅಂದರೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು, ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಒಂದು ಸಲಕ್ಕೆ ಕನಿಷ್ಠ 8 ಬಾರಿಯಂತೆ ದಿನಕ್ಕೆ ಮೂರು ಸಲ, ಕಡಿಮೆಯೆಂದರೂ 3 ತಿಂಗಳು ಮಾಡಿಸುವುದು ಮೊದಲ ಹಂತದ ಚಿಕಿತ್ಸೆ. ಇದನ್ನು ಕಲಿಸಲು ಬೇಕಾದದ್ದು ಬಾಗಿಲು ಮುಚ್ಚಿದ ಒಂದು ಕೋಣೆ, ತರಬೇತಾದ ಒಬ್ಬ ಮಹಿಳಾ ಕಾರ್ಯಕರ್ತೆ, ನಾಚಿಕೆಯಿಲ್ಲದೆ ಕೇಳುವ ಒಂದು ನೇರ ಪ್ರಶ್ನೆ. 'ತೊಂದರೆ ಇದೆಯೇ?' ಎಂದರೆ 'ಇಲ್ಲ' ಎಂಬ ಉತ್ತರವೇ ಬರುತ್ತದೆ. 'ಈ ವಯಸ್ಸಿನಲ್ಲಿ ತುಂಬಾ ಜನರಿಗೆ ಮೂತ್ರ ತಡೆಯುವುದು ಕಷ್ಟವಾಗುತ್ತದೆ, ನಿಮಗೆ ಹೇಗೆ?' ಎಂದರೆ ಮಾತು ಬರುತ್ತದೆ.

ಕೇಳುವ ಬಗೆ ಮುಖ್ಯ, ಆದರೆ ಕೇಳುವುದರಿಂದಲೇ ಎಲ್ಲ ಗೊತ್ತಾಗುವುದಿಲ್ಲ. 'ನಡೆಯಲು ಕಷ್ಟವೇ?' ಎಂದರೆ 'ಪರವಾಗಿಲ್ಲ' ಎನ್ನುತ್ತಾರೆ. ಅದು ಸುಳ್ಳಲ್ಲ. ಕಷ್ಟವಾದ ಕೆಲಸಗಳನ್ನು ಅವರು ಒಂದೊಂದಾಗಿ ಬಿಟ್ಟಿದ್ದಾರೆ, ಉಳಿದದ್ದು ಪರವಾಗಿಲ್ಲ. ಆದ್ದರಿಂದ ಅಳೆಯಬೇಕು. ಅಳೆಯಲು ಬೇಕಾದ ಉಪಕರಣ ಪ್ರತಿ ಮನೆಯಲ್ಲೂ ಇದೆ: ಒಂದು ಕುರ್ಚಿ.

ಕೈಯಿಲ್ಲದ, ಗಟ್ಟಿಯಾದ, ಸುಮಾರು 43ರಿಂದ 45 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಜಾರದಿರಲಿ ಎಂಬುದೇ ಗೋಡೆಗೆ ಆನಿಸುವ ಉದ್ದೇಶ. ವ್ಯಕ್ತಿ ನಡುವಿನಲ್ಲಿ ಕೂತು, ಪಾದ ಪೂರ್ತಿ ನೆಲಕ್ಕೂರಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಬೇಕು. ಮೊದಲು ಒಂದು ಸಲ ಕೈ ಬಳಸದೆ ಏಳಬಲ್ಲರೇ ನೋಡಿ. ಆಗದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಉತ್ತರ ಸಿಕ್ಕಿತು. ಏಳಲು ಸಾಧ್ಯವಾದರೆ, ನೀವು 'ಹೂಂ' ಎಂದ ಕ್ಷಣದಿಂದ ಐದು ಸಲ ಪೂರ್ತಿ ಎದ್ದು ಕೂರಲು ಎಷ್ಟು ಸೆಕೆಂಡ್ ಎಂದು ಗಡಿಯಾರ ನೋಡಿ. 14 ಸೆಕೆಂಡ್ ಒಳಗೆ ಮುಗಿಯದಿದ್ದರೆ ಅವರ ಚಲನಶಕ್ತಿಯನ್ನು ಇನ್ನಷ್ಟು ವಿವರವಾಗಿ ಪರೀಕ್ಷಿಸಬೇಕು. ಹಿರಿಯರ ಸಮಗ್ರ ಆರೈಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಕೈಪಿಡಿಯ ಅಳತೆ ಇದು. ಪರೀಕ್ಷೆ ಮಾಡುವವರು ಪಕ್ಕದಲ್ಲಿ, ಕೈಗೆಟಕುವಷ್ಟು ಹತ್ತಿರ ನಿಂತಿರಬೇಕು. ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದರೆ ಅವರು ವಾಲಿದಾಗ ಹಿಡಿಯಲು ಸಮಯ ಸಾಲದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಕುರ್ಚಿ ಮೆತ್ತಗಿದ್ದರೆ ಅಥವಾ ತಗ್ಗಾಗಿದ್ದರೆ ಗಟ್ಟಿಯಿದ್ದವರೂ ತಡವಾಗುತ್ತಾರೆ. ಎದ್ದಾಗ ಮಂಡಿ ನೇರವಾಗದಿದ್ದರೂ ಎಣಿಸಿಬಿಟ್ಟರೆ ನಿಶ್ಶಕ್ತರು ಪಾಸಾಗುತ್ತಾರೆ. ಮೂರನೆಯದು ಹೆಚ್ಚು ಅಪಾಯದ್ದು: ಮೊಮ್ಮಕ್ಕಳು ಸುತ್ತ ನಿಂತು ಹುರಿದುಂಬಿಸಿದರೆ ಅಜ್ಜ ಉಸಿರು ಬಿಗಿಹಿಡಿದು ಮಾಡಿ ತಲೆಸುತ್ತಿ ಬೀಳಬಹುದು.

ಅದೇ ಭೇಟಿಯಲ್ಲಿ ಉಳಿದವನ್ನೂ ನೋಡಬಹುದು. ಮೂರು ಪದ ಹೇಳಿ, ಇವತ್ತಿನ ದಿನ, ಈಗ ಎಲ್ಲಿದ್ದೀರಿ ಎಂದು ಕೇಳಿ, ಆಮೇಲೆ ಆ ಪದಗಳು ನೆನಪಿವೆಯೇ ಎಂದು ವಿಚಾರಿಸುವುದು. ಕಳೆದ 3 ತಿಂಗಳಲ್ಲಿ ಪ್ರಯತ್ನಪಡದೆಯೇ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಹಸಿವು ಹೋಗಿದೆಯೇ ಎಂಬುದು. ತೂಕದ ಯಂತ್ರ ಇಲ್ಲದ ಮನೆಯಲ್ಲಿ ಬಟ್ಟೆ ಸಡಿಲವಾಗಿದೆಯೇ, ಉಂಗುರ ಜಾರುತ್ತಿದೆಯೇ ಎಂದು ಕೇಳಿದರೆ ಸಾಕಷ್ಟು ಸುಳಿವು ಸಿಗುತ್ತದೆ. ದೂರದ ಮತ್ತು ಹತ್ತಿರದ ದೃಷ್ಟಿ. ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದೆಯೇ, ಮೊದಲು ಇಷ್ಟವಿದ್ದ ಕೆಲಸದಲ್ಲಿ ಈಗ ಖುಷಿ ಇಲ್ಲವೇ ಎಂಬ ಎರಡು ಪ್ರಶ್ನೆ. ಕಿವಿಯ ಪರೀಕ್ಷೆಗೆ ಅವರ ಬೆನ್ನ ಹಿಂದೆ ಒಂದು ತೋಳಿನ ದೂರದಲ್ಲಿ ನಿಂತು, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಸಿ, ಅಂಕಿಗಳನ್ನು ಪಿಸುಗುಟ್ಟಿ ಹೇಳಿಸುವುದು. ಎದುರಿಗೆ ನಿಂತು ಮಾಡಬೇಡಿ. ತುಟಿ ಓದಿ ಉತ್ತರ ಹೇಳುವುದನ್ನು ಅವರು ಎಂದೋ ರೂಢಿ ಮಾಡಿಕೊಂಡಿರುತ್ತಾರೆ.

ಕಿವಿಯನ್ನು ಕಡೆಗಣಿಸಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ಕೇಳಿಸದವರು ನಾಲ್ಕು ಜನ ಸೇರಿದ ಕಡೆ ಕೂರುವುದಿಲ್ಲ. ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವ ಬದಲು ಕೋಣೆ ಸೇರುತ್ತಾರೆ. ಮನೆಯವರು ಅದನ್ನು 'ವಯಸ್ಸಾಯಿತು, ಮಂಕಾಗಿದ್ದಾರೆ' ಎಂದುಕೊಳ್ಳುತ್ತಾರೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯನ್ನು ತಡೆಯುವ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನವೂ ಇದೆ, ದೃಷ್ಟಿದೋಷವೂ ಇದೆ, ಒಂಟಿತನವೂ ಇದೆ. ಕೆಲವರಿಗೆ ಬೇಕಾದದ್ದು ಶ್ರವಣಯಂತ್ರ. ಇನ್ನು ಕೆಲವರ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ತೆಗೆಸಿದರೆ ಮುಗಿಯಿತು.

ಈಗ ವ್ಯಾಯಾಮ. 'ದಿನಾ ವಾಕಿಂಗ್ ಮಾಡಿ' ಎಂಬುದು ಎಲ್ಲರೂ ಕೊಡುವ ಸಲಹೆ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದು ಒಳ್ಳೆಯದೇ. ಆದರೆ ಬೀಳುವುದನ್ನು ನಡಿಗೆಯೊಂದೇ ತಡೆಯುತ್ತದೆ ಎನ್ನಲು ಆಧಾರ ಸಾಲದು. ಈಗಾಗಲೇ ತತ್ತರಿಸುತ್ತಿರುವವರನ್ನು ಬಿರುಸಾಗಿ ನಡೆಯಿರಿ ಎಂದು ಕಳಿಸಿದರೆ ಹೆಚ್ಚೇ ಬೀಳಬಹುದು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಕನಿಷ್ಠ 2 ದಿನ, ಸಮತೋಲನ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ಬಗೆಬಗೆಯ ವ್ಯಾಯಾಮವನ್ನು 3 ದಿನ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಹೆಚ್ಚಿನ ಕಡೆ ಬಿಟ್ಟುಹೋಗುವುದು ಈ ಕೊನೆಯ ಅಂಶ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಾರ್ಯಕ್ರಮವೊಂದು ಇದಕ್ಕೆ ಒಳ್ಳೆಯ ಮಾದರಿ. ತರಬೇತಾದವರು ಹಿರಿಯರ ಮನೆಗೇ ಹೋಗಿ ಕಾಲಿನ ಬಲದ, ಸಮತೋಲನದ ವ್ಯಾಯಾಮಗಳನ್ನು ಕಲಿಸುತ್ತಾರೆ. ಹಿರಿಯರು ಅದನ್ನು ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ ತಾವೇ ಮಾಡುತ್ತಾರೆ. ಜೊತೆಗೆ ವಾರಕ್ಕೆ ಎರಡು ದಿನ ನಡಿಗೆ. ಅದರ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಬೀಳುವ ಪ್ರಮಾಣ ಸುಮಾರು 35% ಇಳಿದಿತ್ತು. ಒಳಗಿನ ತತ್ವ ಸರಳ. ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು 10 ಸೆಕೆಂಡ್ ನಿಲ್ಲುವುದು, ಅಡ್ಡಡ್ಡ ಹೆಜ್ಜೆ ಹಾಕುವುದು. ಅದು ಸಲೀಸಾದ ಮೇಲೆ ಒಂದು ಕೈ. ಆಮೇಲೆ ಬೆರಳ ತುದಿ. ಕೊನೆಗೆ ಕೈ ಬಿಟ್ಟು, ಕಟ್ಟೆ ಪಕ್ಕದಲ್ಲೇ ಇರುವಂತೆ. ಸ್ವಲ್ಪ ತೂಗಾಡಿದರೇ ಸಮತೋಲನ ಕಲಿಯುವುದು. ಆದ್ದರಿಂದ ಹಿರಿಯರನ್ನೆಲ್ಲ ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಕೈ ಮಾತ್ರ ಆಡಿಸುವ ತರಗತಿಗಳು ನೋಡಲು ಚೆಂದ, ಸುರಕ್ಷಿತ ಕೂಡ, ಆದರೆ ನಿಂತಾಗ ಬೀಳದಿರುವುದನ್ನು ಕಲಿಸಲಾರವು. ನಿಲ್ಲಲೇ ಆಗದವರು ಮಾತ್ರ ಅಲ್ಲಿಂದ ಶುರುಮಾಡಲಿ.

ಇನ್ನೊಂದು ತಪ್ಪು ಯೋಜನೆಯ ಕಾಗದದಲ್ಲೇ ಹುಟ್ಟುತ್ತದೆ. ಹನ್ನೆರಡು ವಾರದ ತರಗತಿ, ಸಮಾರೋಪ, ಪ್ರಮಾಣಪತ್ರ, ಅಲ್ಲಿಗೆ ಮುಗಿಯಿತು. ಬಲ ಮತ್ತು ಸಮತೋಲನ ಉಳಿತಾಯ ಖಾತೆಯ ಹಾಗಲ್ಲ, ನಿಲ್ಲಿಸಿದ ಕೂಡಲೇ ಕರಗಲು ತೊಡಗುತ್ತವೆ. ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆಯಲ್ಲಿ ಮಲಗಿದರೆ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕಳೆದುಕೊಳ್ಳುತ್ತಾರೆಂದು ಪ್ರಯೋಗದಲ್ಲಿ ಕಂಡಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದಲ್ಲೇ ಅವರ ಮನೆಗೆ ಕಾರ್ಯಕರ್ತೆ ಹೋಗಬೇಕು ಎನ್ನುವುದು ಅದಕ್ಕೇ. ಜೊತೆಗೆ ಪ್ರೋಟೀನ್: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ, ಅಂದರೆ 60 ಕಿಲೋದವರಿಗೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಮನೆಗೆ ಹೋದಾಗ ಮಾಡಬೇಕಾದ ಇನ್ನೊಂದು ಕೆಲಸವಿದೆ: ಹಾಸಿಗೆಯಿಂದ ಶೌಚಾಲಯದವರೆಗೆ ಅವರ ಜೊತೆ ನಡೆಯುವುದು. ರಾತ್ರಿ ಎರಡು ಗಂಟೆ, ದೀಪವಿಲ್ಲ ಎಂದು ಊಹಿಸಿಕೊಂಡು ನಡೆಯಿರಿ. ಮಂಚ ಎಷ್ಟು ಎತ್ತರ, ಕೂತಾಗ ಪಾದ ನೆಲ ಮುಟ್ಟುತ್ತದೆಯೇ? ದೀಪದ ಸ್ವಿಚ್ಚು ಮಲಗಿದಲ್ಲಿಂದ ಕೈಗೆ ಸಿಗುತ್ತದೆಯೇ, ಅಥವಾ ಕತ್ತಲಲ್ಲಿ ಕೋಣೆ ದಾಟಿ ಹೋಗಬೇಕೇ? ಕಾಲೊರಸಿನ ಅಂಚು ಮಡಚಿದೆಯೇ? ಹೊಸ್ತಿಲು ನೆಲದ ಬಣ್ಣದ್ದೇ ಆಗಿದ್ದರೆ ಮಬ್ಬುಗಣ್ಣಿಗೆ ಕಾಣುವುದಿಲ್ಲ, ಅದರ ಅಂಚಿಗೆ ಬೇರೆ ಬಣ್ಣದ ಪಟ್ಟಿ ಅಂಟಿಸಬೇಕು. ಶೌಚಾಲಯದಲ್ಲಿ ಏಳುವಾಗ ಕೈ ಎಲ್ಲಿಗೆ ಹೋಗುತ್ತದೆಂದು ಗಮನಿಸಿ. ನಲ್ಲಿಗೋ ಟವೆಲ್ ಸರಳಿಗೋ ಹೋದರೆ ಹಿಡಿಕೆ ಬೇಕಾದ ಜಾಗ ಅದೇ. ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆಯಾಗಬೇಕು. ಗಾಳಿಯ ಹೀರಿಕೆಯಿಂದ ಅಂಟುವ ಬಗೆಯದು ಮೈಭಾರ ಬಿದ್ದ ದಿನವೇ ಕಳಚಿ ಬರುತ್ತದೆ.

ಆ ನಡಿಗೆಗೂ ಮಾತ್ರೆಗೂ ಸಂಬಂಧವಿದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಅಂಗಡಿಯಿಂದ ತಾವೇ ತಂದದ್ದನ್ನೂ ಸೇರಿಸಿ, ಒಂದೇ ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸುರಿಯಿರಿ. ಒಂದೇ ಮದ್ದು ಎರಡು ಹೆಸರಿನಲ್ಲಿರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿರುತ್ತಾರೆ, ರಾತ್ರಿಯೆಲ್ಲ ಏಳಬೇಕಾಗುತ್ತದೆ. ನಿದ್ರೆಯ ಮಾತ್ರೆ, ನೆಗಡಿಗೆ ಕೊಡುವ ತೂಕಡಿಕೆ ತರುವ ಹಳೆಯ ಮಾತ್ರೆಗಳು ಕಾಲು ತಪ್ಪಿಸುತ್ತವೆ. ರಕ್ತದೊತ್ತಡವನ್ನು 5 ನಿಮಿಷ ಮಲಗಿಸಿ ಒಮ್ಮೆ, ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಎದ್ದೊಡನೆ ಕಣ್ಣು ಕತ್ತಲಿಡುವುದಕ್ಕೆ ಕಾರಣ ಸಿಕ್ಕಂತಾಯಿತು. ಶಿಬಿರದಲ್ಲಿ ಕೂರಿಸಿ ನೋಡುವ ಒತ್ತಡ ಇದನ್ನು ಎಂದೂ ಹಿಡಿಯುವುದಿಲ್ಲ. ಕಾರ್ಯಕರ್ತೆ ತಾನಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಬಹುಕಾಲ ತೆಗೆದುಕೊಂಡ ನಿದ್ರೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅಪಾಯ. ಪಟ್ಟಿ ಮಾಡಿ ವೈದ್ಯರ ಮುಂದಿಡುವುದಷ್ಟೇ ಅವಳ ಕೆಲಸ, ಅದು ಸಣ್ಣ ಕೆಲಸವೇನಲ್ಲ.

ಮನೆಯಾಚೆಗೂ ಇದೇ ಕಣ್ಣು ಬೇಕು. ರಸ್ತೆ ದಾಟುವ ಹಸಿರು ದೀಪದ ಅವಧಿಯನ್ನು ಅನೇಕ ಕಡೆ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ನಿಗದಿಪಡಿಸುತ್ತಾರೆ. 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡ್. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 15 ಸೆಕೆಂಡ್ ಬೇಕು. ದೀಪ ಬದಲಾದಾಗ ಅವರು 8 ಮೀಟರ್ ದಾಟಿರುತ್ತಾರೆ, ಇನ್ನೂ 4 ಮೀಟರ್ ಬಾಕಿ. ಒಮ್ಮೆ ಹಾಗಾದರೆ ಮತ್ತೆ ಆ ರಸ್ತೆಗೆ ಇಳಿಯುವುದಿಲ್ಲ. ಆಚೆ ಬದಿಯ ಉದ್ಯಾನ, ಗೆಳತಿಯ ಮನೆ, ಆರೋಗ್ಯ ಕೇಂದ್ರ ಎಲ್ಲವೂ ಆ 5 ಸೆಕೆಂಡಿನಿಂದಾಗಿ ದೂರವಾಗುತ್ತವೆ. ದೀಪದ ಅವಧಿ ಹೆಚ್ಚಿಸುವಂತೆ ಪಟ್ಟು ಹಿಡಿಯುವುದು, ದಾರಿಯಲ್ಲಿ ಅಲ್ಲಲ್ಲಿ ಬೆನ್ನಾನಿಕೆಯ ಬೆಂಚು ಹಾಕಿಸುವುದು ಆರೋಗ್ಯ ಸಂವರ್ಧನೆಯ ಕೆಲಸವೇ.

ಒಂಟಿತನಕ್ಕೆ ಸಭೆಗಳೇ ಮದ್ದು ಎಂದುಕೊಳ್ಳುವುದೂ ಅವಸರದ ತೀರ್ಮಾನ. ಸಂಗಾತಿಯನ್ನು ಕಳೆದುಕೊಂಡವರಿಗೆ ಬೇಕಾದದ್ದು, ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಹೊರಡಲಾಗದವರಿಗೆ ಬೇಕಾದದ್ದು ಬೇರೆ ಬೇರೆ. ಎರಡನೆಯವರಿಗೆ ವಾರಕ್ಕೆ ಮೂರು ಗಂಟೆ ರೋಗಿಯನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕರೆ ಅದೇ ದೊಡ್ಡ ಸೇವೆ. ಆರೈಕೆ ಮಾಡುವವರೂ ಎಷ್ಟೋ ಸಲ ಎಪ್ಪತ್ತು ದಾಟಿದವರೇ ಆಗಿರುತ್ತಾರೆ ಎಂಬುದನ್ನು ನಮ್ಮ ನಮೂನೆಗಳು ಮರೆಯುತ್ತವೆ.

ಇದನ್ನೆಲ್ಲ ಯಾರು, ಎಷ್ಟು ದಿನದಲ್ಲಿ ಮಾಡುವುದು? ಒಂದು ಪ್ರದೇಶದಲ್ಲಿ 300 ಹಿರಿಯರಿದ್ದಾರೆ ಎಂದಿಟ್ಟುಕೊಳ್ಳಿ. ಮಾತು, ಪರೀಕ್ಷೆ, ಮನೆ ನೋಡುವುದು ಸೇರಿ ಒಬ್ಬರಿಗೆ ಮುಕ್ಕಾಲು ಗಂಟೆ. ಓಡಾಟ ಕಳೆದು ಒಬ್ಬ ಕಾರ್ಯಕರ್ತೆ ದಿನಕ್ಕೆ 6 ಮನೆ ಮುಗಿಸಬಲ್ಲಳು. 50 ಕೆಲಸದ ದಿನ. ಇಬ್ಬರಿದ್ದರೆ ಒಂದು ತಿಂಗಳು ಸಾಕು. ಅಸಾಧ್ಯವಾದ ಲೆಕ್ಕವೇನಲ್ಲ. ಪಟ್ಟಿಯನ್ನು ಮಾತ್ರ ಶಿಬಿರದ ಹಾಜರಿಯಿಂದ ತೆಗೆಯಬೇಡಿ, ಮನೆ ಮನೆಯ ಎಣಿಕೆಯಿಂದ ತೆಗೆಯಿರಿ. ಕಳೆದ ವರ್ಷ ಯಾವ ಸೇವೆಗೂ ಬಾರದವರ ಹೆಸರನ್ನು ಮೇಲಕ್ಕೆ ಬರೆಯಿರಿ, ಭೇಟಿ ಅಲ್ಲಿಂದ ಶುರುವಾಗಲಿ. ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ನೋಂದಣಿ ಎಂದರೆ ಇದೇ ಜನ ಮತ್ತೆ ಹೊರಗುಳಿಯುತ್ತಾರೆ.

ಪರೀಕ್ಷೆ ಶುರುಮಾಡುವ ಮೊದಲು ಮುಂದಿನ ದಾರಿ ಸಿದ್ಧವಿರಲೇಬೇಕು. ಕಣ್ಣಿನ ತೊಂದರೆ ಕಂಡರೆ ಯಾರ ಬಳಿ, ಯಾವ ದಿನ, ಹೋಗಿಬರಲು ವಾಹನ ಯಾರದು. ಕುರ್ಚಿಯಿಂದ ಏಳಲಾರದವರಿಗೆ ವ್ಯಾಯಾಮ ಕಲಿಸಲು ಯಾರು ಹೋಗುತ್ತಾರೆ. ಮನಸ್ಸು ಕುಗ್ಗಿದೆ ಎಂದವರಿಗೆ ಆ ವಾರದಲ್ಲೇ ಯಾರು ಸಿಗುತ್ತಾರೆ. ದಾರಿ ತೋರದೆ ದೋಷ ಮಾತ್ರ ಹೇಳಿ ಬಂದರೆ ಅವರಿಗೆ ಚಿಂತೆಯೊಂದು ಹೆಚ್ಚಾಯಿತು, ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಕೈಗೆ ಕೊಡುವ ಕಾಗದದ ಅಕ್ಷರ ದಪ್ಪಗಿರಲಿ, ಒಂದು ಹಾಳೆಯಲ್ಲಿ ಒಂದೇ ವಿಷಯವಿರಲಿ. 'ಅರ್ಥವಾಯಿತೇ?' ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. 'ಮಗಳು ಕೇಳಿದರೆ ಇದನ್ನು ಹೇಗೆ ಹೇಳುತ್ತೀರಿ?' ಎಂದು ಕೇಳಿ, ಅವರ ಮಾತಿನಲ್ಲಿ ಎಲ್ಲಿ ತಪ್ಪಿತೋ ಅಲ್ಲಿಂದ ಮತ್ತೆ ಹೇಳಿ.

ನೋಂದಣಿ ಪುಸ್ತಕದಲ್ಲಿ ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಬರೆದಿಡುವುದು ಎಷ್ಟು ಜನ ಬಂದರು ಎಂಬುದನ್ನು. ಅದರ ಪಕ್ಕದಲ್ಲಿ ಇನ್ನೆರಡು ಕಲಂ ಗೆರೆ ಎಳೆಯಿರಿ. ಮೊದಲ ಭೇಟಿಯಲ್ಲಿ ಐದು ಸಲ ಎದ್ದು ಕೂರಲು ಹಿಡಿದ ಸೆಕೆಂಡು ಒಂದರಲ್ಲಿ, ಆರು ತಿಂಗಳ ಮೇಲೆ ಹಿಡಿದದ್ದು ಇನ್ನೊಂದರಲ್ಲಿ. ಎರಡನೆಯ ಕಲಂ ಖಾಲಿ ಉಳಿದ ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮರುದಿನ ಬೆಳಿಗ್ಗೆ ಹೊರಡಬೇಕಾದದ್ದು ಆ ಮನೆಗಳಿಗೆ.